ಮನೆ ಆರೈಕೆಯ ಫ್ರಾಂಚೈಸಿ: ಹಣ ಕಟ್ಟುವ ಮೊದಲು ವಿಚಾರಿಸತಕ್ಕ ಸಂಗತಿಗಳು

ಇತ್ತೀಚೆಗೆ ನಮ್ಮ ಸದಸ್ಯರಲ್ಲಿ ಕೆಲವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿದ್ದಾರೆ. ವೃದ್ಧರನ್ನೂ ರೋಗಿಗಳನ್ನೂ ಮನೆಗೇ ಬಂದು ನೋಡಿಕೊಳ್ಳುವ ಕಂಪೆನಿಯವರು ಕುಂದಾಪುರದ ಕಡೆಗೆ ಫ್ರಾಂಚೈಸಿ ಕೊಡುತ್ತಾರಂತೆ, ಮಗನಿಗೆ ಅದನ್ನು ಹಿಡಿದುಕೊಡಬಹುದೇ? ತೋಟದ ಆರ್‌ಟಿಸಿಯ ಮೇಲೆ ಸಾಲ ಎತ್ತಿ ಹಣ ಕಟ್ಟಿದರೆ ಹೇಗೆ? ಅಡಿಕೆಗೆ ಕೊಳೆರೋಗ, ಕಾಫಿಗೆ ಅಕಾಲದ ಮಳೆ ಎಂದು ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇಲ್ಲದಿರುವಾಗ ಬೇರೊಂದು ಆದಾಯದ ದಾರಿ ಹುಡುಕುವುದು ತಪ್ಪಲ್ಲ. ಆದರೆ ಹಣ ಕಟ್ಟುವ ಮೊದಲು ಆ ಕಂಪೆನಿಯ ಹೆಸರು ಎಂಥದು ಎಂಬುದನ್ನು ನಾವೇ ವಿಚಾರಿಸಿ ತಿಳಿದುಕೊಳ್ಳಬೇಕಾಗುತ್ತದೆ. ಅದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಈ ಸೇವೆಗೆ ನಮ್ಮಲ್ಲಿ ಬೇಡಿಕೆ ಇದೆ ಎಂಬುದರಲ್ಲಿ ಸಂಶಯವಿಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಊರುಗಳಿಂದ ಹೊಟೇಲಿನ ಕೆಲಸಕ್ಕೆಂದು ಮುಂಬಯಿಗೆ, ಬೆಂಗಳೂರಿಗೆ, ಆಮೇಲೆ ಕೊಲ್ಲಿ ದೇಶಗಳಿಗೆ ಹೋದವರು ಸಾವಿರಾರು ಮಂದಿ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರಿದ್ದರು. ಆ ಗಣತಿಯಲ್ಲಿ ರಾಜ್ಯದಲ್ಲೇ ಅತಿ ಹೆಚ್ಚಿನ ಪ್ರಮಾಣ ಅದು. ದುಡಿಯುವ ಗಂಡುಮಕ್ಕಳು ಹೊರಗಿದ್ದಾರೆ ಎಂಬುದಕ್ಕೆ ಇದೂ ಒಂದು ಗುರುತು. ಮನೆಯಲ್ಲಿ ಉಳಿದ ಅಪ್ಪ ಅಮ್ಮನಿಗೆ ಪ್ರಾಯವಾಗಿದೆ. ಹೀಗಾಗಿ 'ಹೋಮ್ ನರ್ಸ್' ಎಂಬ ಮಾತು ನಮ್ಮ ಹಳ್ಳಿಗಳಲ್ಲೂ ಬಳಕೆಗೆ ಬಂದಿದೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಸಂಸ್ಥೆ 1996ರಿಂದ, ಪೋರ್ಟಿಯಾ 2013ರಿಂದ ಈ ಕೆಲಸ ನಡೆಸಿಕೊಂಡು ಬಂದಿವೆ. ಆದರೆ ಬೇಡಿಕೆ ಇರುವುದು ಒಂದು ಮಾತು, ನಮ್ಮ ಬಾಗಿಲಿಗೆ ಬಂದ ಕಂಪೆನಿ ಒಳ್ಳೆಯದಿರುವುದು ಇನ್ನೊಂದು ಮಾತು. ಕಂಪೆನಿಯ ಪ್ರತಿನಿಧಿ ಮೊದಲನೆಯದನ್ನು ವಿವರವಾಗಿ ಹೇಳಿ ಎರಡನೆಯದನ್ನು ನಂಬಿಸಿಬಿಡುತ್ತಾನೆ.

ಹೆಸರಿನ ಗೇಣಿ

ಫ್ರಾಂಚೈಸಿ ಎಂದರೆ ಏನೆಂಬುದು ನಮ್ಮ ಜಿಲ್ಲೆಯ ಹಿರಿಯರಿಗೆ ಬೇಗ ಅರ್ಥವಾಗುತ್ತದೆ. ಅದು ಹೆಸರಿನ ಗೇಣಿ. ಇನ್ನೊಬ್ಬರ ಹೆಸರು, ಫಲಕ, ಕೆಲಸದ ಪದ್ಧತಿ ಇವನ್ನು ಕರಾರಿನ ಅವಧಿಗೆ ನಾವು ಪಡೆಯುತ್ತೇವೆ. ಮೊದಲಿಗೆ ಒಂದು ದೊಡ್ಡ ಮೊತ್ತ ಕಟ್ಟುತ್ತೇವೆ, ಆಮೇಲೆ ತಿಂಗಳು ತಿಂಗಳು ವಹಿವಾಟಿನ ಒಂದು ಪಾಲನ್ನು ರಾಯಧನವಾಗಿ ಒಪ್ಪಿಸುತ್ತೇವೆ. ಇದು ಮೂಲಗೇಣಿಯಂತಲ್ಲ, ಚಾಲಗೇಣಿಯಂತೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ, ಡಿಕ್ಲರೇಶನ್ ಕೊಟ್ಟು ಗೆದ್ದ ಒಕ್ಕಲು ಭೂಮಿಯ ಒಡೆಯನಾದ. ಹೆಸರಿನ ಗೇಣಿಗೆ ಅಂಥ ಡಿಕ್ಲರೇಶನ್ ಇಲ್ಲ. ಅವಧಿ ಮುಗಿದ ದಿನ ಫಲಕ ಇಳಿಸಿ ಹಿಂದಕ್ಕೆ ಕೊಡಬೇಕು. ಹತ್ತು ವರ್ಷ ಬೆವರು ಸುರಿಸಿ ಆ ಹೆಸರಿಗೆ ಊರಿನಲ್ಲಿ ಮರ್ಯಾದೆ ತಂದವರು ನಾವೇ ಆದರೂ ಹೆಸರು ಅವರದೇ.

ಅಂದಮೇಲೆ ನಾವು ಹಣ ಕೊಡುವುದು ಮುಖ್ಯವಾಗಿ ಹೆಸರಿಗೆ. ಅಡಿಕೆ ಗಿಡ ಕೊಳ್ಳುವಾಗ ನಾವು ಮಾಡುವುದನ್ನೇ ಇಲ್ಲೂ ಮಾಡಬೇಕು. ವಿಟ್ಲದ ಸಂಶೋಧನಾ ಕೇಂದ್ರ 1972ರಲ್ಲಿ 'ಮಂಗಳ' ತಳಿಯನ್ನು ಬಿಡುಗಡೆ ಮಾಡಿತು. ಆದರೆ ಚೀಲದಲ್ಲಿರುವ ಗಿಡವನ್ನು ನೋಡಿ ಅದು ಮಂಗಳವೋ ಅಲ್ಲವೋ ಎಂದು ಹೇಳುವುದು ಕಷ್ಟ. ಫಸಲು ಬರುವಾಗ ವರ್ಷಗಳು ಕಳೆದಿರುತ್ತವೆ. ಆದ್ದರಿಂದ ತಿಳಿದವರು ಮಾರುವವನ ಮಾತು ಬಿಟ್ಟು ತಾಯಿಮರ ನೋಡುತ್ತಾರೆ, ಅದೇ ನರ್ಸರಿಯಿಂದ ಮೊದಲು ಗಿಡ ತಂದವರ ತೋಟಕ್ಕೆ ಹೋಗಿ ಬರುತ್ತಾರೆ. ಫ್ರಾಂಚೈಸಿಯಲ್ಲೂ ತಾಯಿಮರವೆಂದರೆ ಕಂಪೆನಿಯ ದಾಖಲೆ, ಹಳೆಯ ತೋಟವೆಂದರೆ ಮೊದಲು ಹಣ ಕಟ್ಟಿದವರ ಅನುಭವ.

ಕಾನೂನು ಎಷ್ಟು ದೂರ ಬರುತ್ತದೆ

ಅಮೆರಿಕದಲ್ಲಿ ಫ್ರಾಂಚೈಸಿ ಮಾರುವವರಿಗೆ 1979ರಿಂದ ಕೇಂದ್ರ ಸರಕಾರದ ನಿಯಮವಿದೆ. 2007ರಲ್ಲಿ ಅದನ್ನು ತಿದ್ದಲಾಯಿತು. ಅದರ ಪ್ರಕಾರ ಸಹಿ ಅಥವಾ ಹಣಕ್ಕೆ ಕನಿಷ್ಠ 14 ದಿನ ಮೊದಲು 23 ವಿಷಯಗಳನ್ನೊಳಗೊಂಡ ವಿವರಪತ್ರವನ್ನು ಕೊಳ್ಳುವವನ ಕೈಗೆ ಕೊಡಬೇಕು. ಕಂಪೆನಿಯ ಮೇಲಿನ ದಾವೆಗಳು, ಲೆಕ್ಕಪತ್ರ, ಈಗಿರುವ ಫ್ರಾಂಚೈಸಿದಾರರ ಹೆಸರು ವಿಳಾಸ, ಹಿಂದಿನ ವರ್ಷ ಬಿಟ್ಟುಹೋದವರ ಹೆಸರು ಇವೆಲ್ಲ ಅದರಲ್ಲಿರಬೇಕು. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನು ಇಲ್ಲ. ಇಂಥ ಪತ್ರ ಕೊಡಲೇಬೇಕೆಂಬ ನಿಯಮವೂ ಇಲ್ಲ. 1872ರ ಕರಾರು ಕಾಯಿದೆಯೇ ಆಧಾರ. ಮೋಸದಿಂದ ಸಹಿ ಹಾಕಿಸಿದ್ದು ಎಂದು ಆಮೇಲೆ ನ್ಯಾಯಾಲಯದಲ್ಲಿ ಸಾಧಿಸುವ ಭಾರ ನಮ್ಮ ಮೇಲೆಯೇ ಬೀಳುತ್ತದೆ.

ಗ್ರಾಹಕ ಆಯೋಗಕ್ಕೆ ಹೋಗಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಆರೈಕೆ ಪಡೆದ ಮನೆಯವರಿಗೆ ಆ ದಾರಿ ಸಲೀಸು. ಫ್ರಾಂಚೈಸಿ ಕೊಂಡವನು ವ್ಯಾಪಾರಕ್ಕಾಗಿ ಕೊಂಡವನು ಎಂಬ ಆಕ್ಷೇಪ ಬರುತ್ತದೆ. ಸ್ವಂತ ದುಡಿಮೆಯಿಂದ ಜೀವನ ನಡೆಸಲಿಕ್ಕಾಗಿಯೇ ಕೊಂಡದ್ದು ಎಂದು ತೋರಿಸಿದರೆ 2019ರ ಕಾಯಿದೆಯಲ್ಲಿ ಅವಕಾಶ ಉಂಟು, ಆದರೆ ಅದನ್ನು ವಾದಿಸಿ ಗೆಲ್ಲಬೇಕು. ಆದ್ದರಿಂದ ಕಾನೂನು ಬೇರೆ ದೇಶದಲ್ಲಿ ಕೇಳಿಸುವ ವಿವರಗಳನ್ನು ಇಲ್ಲಿ ನಾವೇ ಬಾಯಿಬಿಟ್ಟು ಕೇಳಬೇಕು, ಉತ್ತರವನ್ನು ಬರಹದಲ್ಲೇ ಪಡೆಯಬೇಕು.

ಮೊದಲು ದಾಖಲೆ

ಕಂಪೆನಿ ಕಾಯಿದೆಯ ಪ್ರಕಾರ ಪ್ರತಿಯೊಂದು ಕಂಪೆನಿಯೂ ತನ್ನ ಕಾಗದಪತ್ರಗಳ ಮೇಲೆ 21 ಅಕ್ಷರ ಮತ್ತು ಅಂಕೆಗಳ ನೋಂದಣಿ ಸಂಖ್ಯೆಯನ್ನು ಮುದ್ರಿಸಬೇಕು. ಸಿಐಎನ್ ಎಂದು ಅದರ ಹೆಸರು. ಅದರ ಏಳನೆಯ ಮತ್ತು ಎಂಟನೆಯ ಅಕ್ಷರ ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕಕ್ಕೆ 'ಕೆಎ'. ಒಂಬತ್ತರಿಂದ ಹನ್ನೆರಡನೆಯವರೆಗಿನ ನಾಲ್ಕು ಅಂಕೆಗಳು ಕಂಪೆನಿ ಹುಟ್ಟಿದ ವರ್ಷ. 'ಇಪ್ಪತ್ತೈದು ವರ್ಷಗಳ ಸೇವೆ' ಎಂದು ಕರಪತ್ರದಲ್ಲಿದ್ದು ಆ ಜಾಗದಲ್ಲಿ 2021 ಎಂದಿದ್ದರೆ ಕಾರಣ ಕೇಳಬೇಕು. ಹಿಂದೆ ಪಾಲುದಾರಿಕೆಯಾಗಿದ್ದು ಆಮೇಲೆ ಕಂಪೆನಿಯಾಗಿರಲೂಬಹುದು, ಹಾಗಿದ್ದರೆ ಹಳೆಯ ಪತ್ರ ತೋರಿಸಲಿ. ಕೇಂದ್ರದ ಕಂಪೆನಿ ವ್ಯವಹಾರಗಳ ಸಚಿವಾಲಯದ ದಾಖಲೆಯಲ್ಲಿ ನಿರ್ದೇಶಕರ ಹೆಸರು, ಕಂಪೆನಿಯ ಆಸ್ತಿಯ ಮೇಲಿರುವ ಸಾಲದ ಹೊರೆ ಇವು ಸಿಗುತ್ತವೆ. ಸಣ್ಣ ಶುಲ್ಕ ಕಟ್ಟಿದರೆ ಸಲ್ಲಿಸಿದ ವಾರ್ಷಿಕ ಲೆಕ್ಕವನ್ನೂ ನೋಡಬಹುದು. ಕಂಪ್ಯೂಟರ್ ಬಲ್ಲ ಮಕ್ಕಳಿಗೆ ಇದು ಅರ್ಧ ದಿನದ ಕೆಲಸ. ಲೆಕ್ಕ ಓದಲು ಮಾತ್ರ ಲೆಕ್ಕಪರಿಶೋಧಕರ ಸಹಾಯ ಪಡೆಯಿರಿ. ಕಂಪೆನಿಯ ಆದಾಯದ ಬಹುಪಾಲು ರೋಗಿಗಳ ಸೇವೆಯಿಂದ ಬರುತ್ತದೆಯೋ ಹೊಸ ಫ್ರಾಂಚೈಸಿ ಶುಲ್ಕದಿಂದ ಬರುತ್ತದೆಯೋ ಎಂಬ ಒಂದು ಪ್ರಶ್ನೆಯನ್ನು ಅವರಿಗೆ ಹಾಕಿ. ಎರಡನೆಯದಾದರೆ ಅವರ ನಿಜವಾದ ಗಿರಾಕಿ ನಾವು, ರೋಗಿಯಲ್ಲ.

ಜಿಎಸ್‌ಟಿ ಸಂಖ್ಯೆ 15 ಅಂಕೆ-ಅಕ್ಷರಗಳದ್ದು, ಕರ್ನಾಟಕದ್ದಾದರೆ 29ರಿಂದ ಆರಂಭವಾಗುತ್ತದೆ. ನೋಂದಣಿಯ ದಿನಾಂಕವನ್ನೂ ಅದು ಚಾಲ್ತಿಯಲ್ಲಿದೆಯೇ ಎಂಬುದನ್ನೂ ಯಾರು ಬೇಕಾದರೂ ನೋಡಬಹುದು. ಮುಂದಿನದು ಟ್ರೇಡ್ ಮಾರ್ಕ್. ಗೇಣಿಗೆ ಕೊಡುವವನಿಗೆ ಭೂಮಿಯ ಹಕ್ಕು ಇರಬೇಕಲ್ಲವೇ? ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಹತ್ತು ವರ್ಷಗಳ ಅವಧಿ ಎಂದಿಗೆ ಮುಗಿಯುತ್ತದೆ ಎಂಬುದು ಟ್ರೇಡ್ ಮಾರ್ಕ್ ಕಛೇರಿಯ ದಾಖಲೆಯಲ್ಲಿದೆ. ಅರ್ಜಿ ಮಾತ್ರ ಹಾಕಿದ್ದು ಬೇರೆ, ನೋಂದಣಿಯಾದದ್ದು ಬೇರೆ.

ದಾವೆಗಳ ವಿಷಯ. ಕುಂದಾಪುರ, ಉಡುಪಿ, ಬೆಂಗಳೂರು ನ್ಯಾಯಾಲಯಗಳಲ್ಲಿ ಕಕ್ಷಿಗಾರರ ಹೆಸರು ಮತ್ತು ವರ್ಷ ಕೊಟ್ಟು ಮೊಕದ್ದಮೆ ಹುಡುಕಬಹುದು. ಕಂಪೆನಿಯ ಹೆಸರಿನಲ್ಲೂ ನಿರ್ದೇಶಕರ ಹೆಸರಿನಲ್ಲೂ ಹುಡುಕಿರಿ. ಒಂದೆರಡು ಮೊಕದ್ದಮೆ ಇದ್ದ ಮಾತ್ರಕ್ಕೆ ಕೆಟ್ಟ ಕಂಪೆನಿ ಎನ್ನಲಾಗದು. ಆದರೆ ಹೂಡಿದವರೆಲ್ಲ ಹಳೆಯ ಫ್ರಾಂಚೈಸಿದಾರರೇ ಆಗಿದ್ದರೆ ಅಲ್ಲಿಗೇ ನಿಲ್ಲಿಸುವುದು ಒಳಿತು.

ಹೆಸರಾಂತ ಕಂಪೆನಿಯ ಹೆಸರಿನಲ್ಲಿ ಬೇರೆ ಯಾರೋ ಹಣ ಎತ್ತುವುದೂ ಉಂಟು. ತಮ್ಮ ಹೆಸರಿನಲ್ಲಿ ಸುಳ್ಳು ಜಾಲತಾಣ ಮಾಡಿ ಫ್ರಾಂಚೈಸಿ, ಡೀಲರ್‌ಶಿಪ್ ಮಾರುತ್ತಿದ್ದಾರೆಂದು ಡಾಬರ್, ಬರ್ಗರ್ ಕಿಂಗ್ ಕಂಪೆನಿಗಳು 2022ರಲ್ಲಿ ದೆಹಲಿ ಹೈಕೋರ್ಟಿನ ಮೊರೆ ಹೋದವು. ಆದ್ದರಿಂದ ಫೋನಿನಲ್ಲಿ ಬಂದ ಖಾತೆಗೆ ಹಣ ಕಳಿಸಬಾರದು. ಕಂಪೆನಿಯ ನೋಂದಾಯಿತ ಕಛೇರಿಗೆ ಒಮ್ಮೆ ಹೋಗಿಬನ್ನಿ. ಬಸ್ಸಿನ ಖರ್ಚು ನಷ್ಟವಲ್ಲ. ಹಣ ಕಳಿಸಿದ ಮೇಲೆ ಮೋಸವೆಂದು ತಿಳಿದರೆ ಒಂದು ಗಳಿಗೆಯನ್ನೂ ಕಳೆಯದೆ 1930ಕ್ಕೆ ಕರೆ ಮಾಡತಕ್ಕದ್ದು.

ಆಮೇಲೆ ಜನ

ದಾಖಲೆ ಕಂಪೆನಿಯ ಆಕಾರ ತೋರಿಸುತ್ತದೆ, ಅದರ ನಡತೆಯನ್ನು ತೋರಿಸುವವರು ಜನ. ಈಗಿರುವ ಎಲ್ಲ ಫ್ರಾಂಚೈಸಿದಾರರ ಪಟ್ಟಿ ಕೇಳಿ. ಅವರು ಆರಿಸಿಕೊಟ್ಟ ಇಬ್ಬರೊಡನೆ ಮಾತಾಡಿ ತೃಪ್ತರಾಗಬೇಡಿ. ಪೂರ್ಣ ಪಟ್ಟಿಯಿಂದ ನಾವೇ ನಾಲ್ಕೈದು ಹೆಸರು ಆರಿಸಬೇಕು, ಸಾಧ್ಯವಾದರೆ ನಮ್ಮಂಥ ಸಣ್ಣ ಊರಿನವರನ್ನು. ಬಿಟ್ಟುಹೋದವರ ಪಟ್ಟಿಯನ್ನೂ ಕೇಳಿ. 'ಯಾರೂ ಬಿಟ್ಟಿಲ್ಲ' ಎಂದರೆ ಅದನ್ನೇ ಬರೆದುಕೊಡಿ ಎನ್ನಿ. ಬಿಟ್ಟವರಲ್ಲಿ ಕೆಲವರು ತಮ್ಮ ಸೋಮಾರಿತನಕ್ಕೆ ಕಂಪೆನಿಯನ್ನು ದೂರುವವರೂ ಇರುತ್ತಾರೆ. ಆದರೆ ಒಬ್ಬರನ್ನೊಬ್ಬರು ಅರಿಯದ ಮೂವರು ಒಂದೇ ದೂರು ಹೇಳಿದರೆ ಅದನ್ನು ನಂಬಬಹುದು.

ಅವರ ಹತ್ತಿರ 'ಕಂಪೆನಿ ಒಳ್ಳೆಯದೇ?' ಎಂದು ಕೇಳಿದರೆ ಒಳ್ಳೆಯದು ಎಂದೇ ಉತ್ತರ ಬರುತ್ತದೆ. ಕೇಳತಕ್ಕ ಪ್ರಶ್ನೆಗಳು ಬೇರೆ. ಹಾಕಿದ ಹಣ ವಾಪಸು ಬರಲು ಎಷ್ಟು ತಿಂಗಳು ಹಿಡಿಯಿತು? ತರಬೇತಿ ಎಂದದ್ದು ಎಷ್ಟು ದಿನ ನಡೆಯಿತು? ಕೆಲಸದವರನ್ನು ಕಂಪೆನಿ ಕಳಿಸಿತೇ, ನೀವೇ ಹುಡುಕಿದಿರೇ? ದೂರು ಬಂದ ದಿನ ಕಂಪೆನಿಯಲ್ಲಿ ಫೋನು ಎತ್ತಿದವರು ಯಾರು? ಇನ್ನೊಮ್ಮೆ ಅವಕಾಶವಿದ್ದರೆ ಇದೇ ಹಣ ಇದಕ್ಕೇ ಹಾಕುತ್ತೀರೇ?

ಕಂಪೆನಿಯಲ್ಲಿ ದುಡಿಯುವವರನ್ನು ವಿಚಾರಿಸುವುದನ್ನು ಮರೆಯಬಾರದು. ಸಂಬಳ ತಿಂಗಳಿನ ಯಾವ ತಾರೀಕಿಗೆ ಬರುತ್ತದೆ, ರಜೆ ಇದೆಯೇ, ರಾತ್ರಿ ಒಬ್ಬಳೇ ಹೆಣ್ಣುಮಗಳನ್ನು ದೂರದ ಮನೆಗೆ ಕಳಿಸುವಾಗ ಯಾರ ಜವಾಬ್ದಾರಿ ಎಂಬುದನ್ನು ಅವರು ಹೇಳಬಲ್ಲರು. ಸಂಬಳ ಸರಿಯಾಗಿ ಬಾರದವರು ಹದಿನೈದು ದಿನಕ್ಕೆ ಬಿಟ್ಟುಹೋಗುತ್ತಾರೆ. ಹಾಸಿಗೆ ಹಿಡಿದ ಮುದುಕಿಗೆ ವಾರಕ್ಕೊಂದು ಹೊಸ ಮುಖ ಬರುವುದಾದರೆ ಆ ಸೇವೆಗೆ ಹೆಸರು ಉಳಿಯುವುದಿಲ್ಲ. ಆಸ್ಪತ್ರೆಗಳ ವಾರ್ಡುಗಳಲ್ಲಿರುವ ದಾದಿಯರಿಗೂ ಯಾವ ಸಂಸ್ಥೆಯವರು ನೋಡಿಕೊಂಡ ರೋಗಿ ಬೆನ್ನುಹುಣ್ಣು ಮಾಡಿಕೊಂಡು ತಿರುಗಿ ಬಂದ ಎಂಬುದು ತಿಳಿದಿರುತ್ತದೆ.

ಮೊಬೈಲಿನಲ್ಲಿ ಕಾಣುವ ನಕ್ಷತ್ರಗಳೂ ಹೊಗಳಿಕೆಗಳೂ ಇವೆ. ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ಇಂಥ ಅಭಿಪ್ರಾಯಗಳಿಗಾಗಿ ಐಎಸ್ 19000 ಎಂಬ ಮಾನಕವನ್ನು ಹೊರತಂದಾಗ ಅದನ್ನು ಅನುಸರಿಸುವುದು ಕಂಪೆನಿಗಳ ಇಚ್ಛೆಗೆ ಬಿಟ್ಟದ್ದಾಗಿತ್ತು. ಒಂದೇ ವಾರದಲ್ಲಿ ಇಪ್ಪತ್ತು ಹೊಗಳಿಕೆ, ಎಲ್ಲವೂ ಒಂದೇ ಧಾಟಿ ಎಂದಾದರೆ ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ದೂರುಗಳನ್ನು ಓದಿ, ಆ ದೂರಿಗೆ ಕಂಪೆನಿ ಕೊಟ್ಟ ಉತ್ತರವನ್ನು ಓದಿ.

ಹೆಸರು ಅದೇ ಇದ್ದು ಒಡೆಯರು ಬದಲಾಗುವುದೂ ಉಂಟೆಂಬುದನ್ನು ಗಮನಿಸಿ. ಅಮೆರಿಕದ ಒಮಾಹಾದಲ್ಲಿ 1994ರಲ್ಲಿ ಗಂಡ-ಹೆಂಡತಿ ಸೇರಿ ಆರಂಭಿಸಿದ 'ಹೋಮ್ ಇನ್‌ಸ್ಟೆಡ್' ಸಂಸ್ಥೆ ಫ್ರಾಂಚೈಸಿಗಳ ಮೂಲಕವೇ ಹಲವು ದೇಶಗಳಿಗೆ ಬೆಳೆಯಿತು. 2021ರಲ್ಲಿ ಅದನ್ನು ಹಾನರ್ ಎಂಬ ಇನ್ನೊಂದು ಕಂಪೆನಿ ಕೊಂಡಿತು. ಕೊಂಡವರು ಒಳ್ಳೆಯವರಿರಬಹುದು. ಆದರೂ ಒಡೆತನ ಬದಲಾದರೆ ನಮ್ಮ ಕರಾರಿನ ಗತಿ ಏನು ಎಂಬುದು ಕರಾರಿನಲ್ಲೇ ಇರತಕ್ಕದ್ದು.

ಕರಾರಿನಲ್ಲಿ ನೋಡತಕ್ಕದ್ದು

ಕ್ಷೇತ್ರ: 'ಕುಂದಾಪುರ ತಾಲೂಕು ನಿಮಗೆ' ಎಂದರೆ ಯಾವ ಕುಂದಾಪುರ? 2018ರಲ್ಲಿ ಹೊಸ ತಾಲೂಕುಗಳಾಗುವ ಮೊದಲು ಬೈಂದೂರು ಕುಂದಾಪುರ ತಾಲೂಕಿನಲ್ಲಿತ್ತು, ಬ್ರಹ್ಮಾವರ ಉಡುಪಿ ತಾಲೂಕಿನಲ್ಲಿತ್ತು. ಹಳೆಯ ನಕ್ಷೆ ಇಟ್ಟುಕೊಂಡು ಬೈಂದೂರನ್ನು ಇನ್ನೊಬ್ಬರಿಗೆ ಮಾರಿದರೆ ಜಗಳ ನಮ್ಮಿಬ್ಬರಿಗೆ. ಗ್ರಾಮಗಳ ಹೆಸರು ಬರೆಸಿಕೊಳ್ಳುವುದೇ ಲೇಸು. ಮಳೆಗಾಲದಲ್ಲಿ ಕಾಲುಸಂಕ ದಾಟಿ ಹೋಗಬೇಕಾದ ಮನೆಗಳು ನಮ್ಮಲ್ಲಿವೆ. ಅಮಾಸೆಬೈಲಿನ ಮನೆಗೂ ಕೋಟದ ಹೆದ್ದಾರಿ ಬದಿಯ ಮನೆಗೂ ಬೆಂಗಳೂರಿನಲ್ಲಿ ಕುಳಿತು ಒಂದೇ ದರ ಬರೆದಿದ್ದರೆ ಪ್ರಯಾಣದ ಖರ್ಚು ನಮ್ಮ ಕಿಸೆಯಿಂದ ಹೋಗುತ್ತದೆ.

ಹೊಣೆ: ಮನೆಯಲ್ಲಿ ಚಿನ್ನ ಕಾಣೆಯಾದರೆ, ಮುದುಕರು ಬಿದ್ದು ಸೊಂಟ ಮುರಿದರೆ, ಮದ್ದು ತಪ್ಪಿದರೆ ಉತ್ತರ ಕೊಡುವವರು ಯಾರು? ವಿಮೆ ಯಾರ ಹೆಸರಿನಲ್ಲಿ? ಕೆಲಸದವರ ಬಗ್ಗೆ ಪೊಲೀಸ್ ವಿಚಾರಣೆ ಯಾರು ಮಾಡಿಸುತ್ತಾರೆ? ನಮ್ಮ ಕಡೆ ಉಪಚಾರಕ್ಕೆ ಬಂದವರೆಲ್ಲ 'ಹೋಮ್ ನರ್ಸ್'. ಆದರೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿಯಾದವರು ಮಾತ್ರ ನರ್ಸ್. ಸಹಾಯಕಿಯನ್ನು ಕಳಿಸಿ ನರ್ಸಿನ ದರ ಪಡೆಯುವ ಕಂಪೆನಿಯ ಫಲಕದ ಕೆಳಗೆ ನಮ್ಮ ಹೆಸರು ಇರಬಾರದು. ಇಂಜೆಕ್ಷನ್, ಫಿಸಿಯೋಥೆರಪಿಯಂಥ ಚಿಕಿತ್ಸೆಯೂ ಸೇರಿದ್ದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ನೋಂದಣಿ ಬೇಕೇ ಎಂದು ಉಡುಪಿಯ ಜಿಲ್ಲಾ ಆರೋಗ್ಯಾಧಿಕಾರಿಗಳ ಕಛೇರಿಯಲ್ಲಿ ಕೇಳಿ ತಿಳಿಯಿರಿ.

ಬಿಡುಗಡೆ: ನಡುವೆ ಬಿಟ್ಟರೆ ಎಷ್ಟು ಹಣ ವಾಪಸು? ಬಿಟ್ಟ ಮೇಲೆ ಇದೇ ಕೆಲಸವನ್ನು ಸ್ವಂತ ಹೆಸರಿನಲ್ಲಿ ಮಾಡಬಹುದೇ? ಕರಾರಿನ ಅವಧಿಯೊಳಗೆ ಬೇರೆಯವರ ಸರಕು ಮುಟ್ಟಬಾರದೆಂಬ ಷರತ್ತು ಊರ್ಜಿತವೆಂದು ಸುಪ್ರೀಂ ಕೋರ್ಟು 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾಕೋಲಾ ವ್ಯಾಜ್ಯದಲ್ಲಿ ಹೇಳಿದೆ. ಆದ್ದರಿಂದ ಅಂಥ ಷರತ್ತನ್ನು ಹಗುರವಾಗಿ ಕಾಣಬೇಡಿ. ತಕರಾರು ಬಂದರೆ ಮಧ್ಯಸ್ಥಿಕೆ ದೆಹಲಿಯಲ್ಲಿ ಎಂದು ಬರೆದಿದ್ದರೆ ಕುಂದಾಪುರದಲ್ಲಿ ಹೂಡಿದ ದಾವೆ ನಿಲ್ಲುವುದು ಕಷ್ಟ. ಸಹಿಯ ಮೊದಲು ವಕೀಲರಿಗೆ ಕೊಡುವ ಶುಲ್ಕ ಆಮೇಲೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ.

ಒಂದು ಲೆಕ್ಕ

ಮಾದರಿಗೆ ಮಾತ್ರ ಒಂದು ಲೆಕ್ಕ ಹಾಕೋಣ. ಫ್ರಾಂಚೈಸಿ ಶುಲ್ಕ ರೂ. 5 ಲಕ್ಷ, ಅದರ ಮೇಲೆ ಜಿಎಸ್‌ಟಿ ಶೇಕಡಾ 18, ಒಟ್ಟು ರೂ. 5,90,000. ಒಂದು ಮನೆಯಿಂದ ತಿಂಗಳಿಗೆ ರೂ. 24,000 ಬಂದು ಕೆಲಸದವರಿಗೆ ರೂ. 18,000 ಹೋದರೆ ಉಳಿಯುವುದು ರೂ. 6,000. ರಾಯಧನ ಶೇಕಡಾ 6 ಎಂದರೆ ಕಡಿಮೆ ಎನಿಸುತ್ತದೆ. ಆದರೆ ಅದನ್ನು ಹಾಕುವುದು ಉಳಿದ ಆರು ಸಾವಿರದ ಮೇಲಲ್ಲ, ಬಂದ ಇಪ್ಪತ್ತನಾಲ್ಕು ಸಾವಿರದ ಮೇಲೆ. ರೂ. 1,440, ಅದಕ್ಕೆ ಜಿಎಸ್‌ಟಿ ರೂ. 259, ಒಟ್ಟು ರೂ. 1,699. ಅಂದರೆ ನಮ್ಮ ಉಳಿತಾಯದ ಕಾಲಂಶಕ್ಕಿಂತ ಹೆಚ್ಚು. ಕೈಯಲ್ಲಿ ನಿಲ್ಲುವುದು ರೂ. 4,301. ಹತ್ತು ಮನೆಗಳಿದ್ದರೆ ರೂ. 43,010. ಕಛೇರಿ ಬಾಡಿಗೆ 8,000, ಮೇಲ್ವಿಚಾರಕರಿಗೆ 15,000, ವಾಹನಕ್ಕೆ 6,000, ಫೋನು ಮತ್ತು ವಿದ್ಯುತ್ತಿಗೆ 2,000 ಕಳೆದರೆ ಉಳಿದದ್ದು ರೂ. 12,010. ಕಟ್ಟಿದ ಶುಲ್ಕ ಹುಟ್ಟಲು ನಾಲ್ಕು ವರ್ಷಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಸಾಲದ ಬಡ್ಡಿಯನ್ನು ಇನ್ನೂ ಸೇರಿಸಿಲ್ಲ. ಕರಾರು ಐದು ವರ್ಷದ್ದಾದರೆ ಮುಗಿಯಲು ಒಂದು ವರ್ಷವೂ ಉಳಿದಿರುವುದಿಲ್ಲ. ಕಂಪೆನಿಯವರ ಲೆಕ್ಕ ಬೇರೆಯಿದ್ದರೆ ಅದು ಯಾವ ಊರಿನ ಯಾವ ಫ್ರಾಂಚೈಸಿಯ ಲೆಕ್ಕವೆಂದು ಕೇಳಿ ಅಲ್ಲಿಗೇ ಹೋಗಿ ನೋಡಿ.

ಇಷ್ಟೆಲ್ಲ ವಿಚಾರಿಸಿದ ಮೇಲೆ ಆ ಹೆಸರು ನಮಗೆ ಏನು ಕೊಡುತ್ತದೆ ಎಂಬುದನ್ನು ತೂಗಿ ನೋಡಬೇಕು. ತರಬೇತಿ ಪಡೆದ ಜನ, ವಿಮೆ, ಕಷ್ಟಕಾಲದಲ್ಲಿ ಬೆನ್ನಿಗೆ ನಿಲ್ಲುವ ಕಛೇರಿ ಇವು ಸಿಗುವುದಾದರೆ ಗೇಣಿ ಕೊಡಬಹುದು. ಬರಿಯ ಫಲಕ ಮಾತ್ರ ಸಿಗುವುದಾದರೆ ಬೈಂದೂರಿನಲ್ಲೋ ಬ್ರಹ್ಮಾವರದಲ್ಲೋ ನಮ್ಮ ಮನೆತನದ ಹೆಸರಿಗೆ ಅದಕ್ಕಿಂತ ಹೆಚ್ಚಿನ ಬೆಲೆಯಿದೆ. ಅಮ್ಮನ ಉಪಚಾರ ಸರಿಯಾಗದಿದ್ದರೆ ಮುಂಬಯಿಯಲ್ಲಿರುವ ಮಗ ಕಂಪೆನಿಯ ನಿರ್ದೇಶಕರನ್ನು ಹುಡುಕಿಕೊಂಡು ಹೋಗುವುದಿಲ್ಲ, ಊರಿಗೆ ಬಂದು ನಮ್ಮ ಅಂಗಳದಲ್ಲಿ ನಿಲ್ಲುತ್ತಾನೆ.

'ಈ ವಾರ ಕಟ್ಟದಿದ್ದರೆ ಬೇರೆಯವರಿಗೆ ಹೋಗುತ್ತದೆ' ಎಂದು ಅವಸರ ಮಾಡಿದರೆ ಹೋಗಲಿ ಬಿಡಿ. ಕರಾರಿನ ಕರಡನ್ನು ಮನೆಗೆ ತಂದು ಕನಿಷ್ಠ ಹದಿನೈದು ದಿನ ಇಟ್ಟುಕೊಳ್ಳಿ. ಆ ಅವಧಿಯಲ್ಲಿ ದಾಖಲೆ ನೋಡಿ, ಮೂರು ಊರುಗಳಿಗೆ ಹೋಗಿಬನ್ನಿ, ವಕೀಲರಿಗೂ ಲೆಕ್ಕಪರಿಶೋಧಕರಿಗೂ ತೋರಿಸಿ. ಕರಡನ್ನು ಮನೆಗೆ ಕೊಂಡೊಯ್ಯಲು ಬಿಡದ ಕಂಪೆನಿಯ ಬಗ್ಗೆ ಮುಂದೆ ಏನನ್ನೂ ವಿಚಾರಿಸುವ ಅಗತ್ಯವಿಲ್ಲ.